ಒಂಟಿ ಬೂಟಿನ ದೂರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕೈಚೀಲದಿಂದ ಬಲಗಾಲಿನ ಬೂಟೊಂದನ್ನು ತೆಗೆದು ರೈಟರ್‌ನ ಮೇಜಿನ ಮೇಲಿಟ್ಟಳು.

"ಇದರ ಜೋಡಿ ಕಳುವಾಗಿದೆ. ದೂರು ಬರ್ಕೊಳ್ಳಿ."

ರೈಟರ್ ಪೆನ್ನಿನ ತುದಿಯಿಂದ ಬೂಟನ್ನು ಆಚೆ ತಳ್ಳಿದ. "ಒಂದೇ ಬೂಟು ಕದಿಯೋಕೆ ಕಳ್ಳನಿಗೇನು ಒಂದೇ ಕಾಲಾ, ತಾಯಿ?"

"ಕಳ್ಳನಿಗೆ ಎರಡೂ ನೆಟ್ಟಗಿವೆ. ಕಾಲು ಹೋಗಿರೋದು ನನ್ನ ಗಂಡನಿಗೆ."

ರೈಟರ್ ಬೂಟನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಮೇಡಂ ಎದ್ದು ಬಂದು, ತಾವೇ ಕುರ್ಚಿ ಎಳೆದು ಅವಳನ್ನು ಕೂರಿಸಿದರು.

ಅವಳ ಗಂಡ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕುಲುಮೆ ಕೆಲಸಗಾರ. ಹಿಂದಿನ ವಾರ ಮರಳು ತುಂಬಿದ ಅಚ್ಚಿನ ಪೆಟ್ಟಿಗೆ ಸರಪಳಿಯಿಂದ ಜಾರಿ ಎಡಗಾಲಿನ ಮೇಲೆ ಬಿದ್ದಿತ್ತು. ಅರ್ಧ ಪಾದ ತೆಗೆಯಬೇಕಾಯಿತು. ಅವನಿಗೆ ಪೂರ್ತಿ ಎಚ್ಚರವಾಗುವ ಮೊದಲೇ ಕಂಪನಿ ತೀರ್ಪು ಕೊಟ್ಟಾಗಿತ್ತು: ಅವನು ಚಪ್ಪಲಿ ಹಾಕಿಕೊಂಡು ಕೆಲಸ ಮಾಡುತ್ತಿದ್ದ, ತಪ್ಪು ಅವನದೇ, ಪರಿಹಾರವಿಲ್ಲ, ಇನ್ನು ಕೆಲಸವೂ ಇಲ್ಲ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

"ಬೂಟು ಹಾಕಿದ್ದನ್ನ ನೀವು ಕಂಡಿರಾ?"

"ಇಲ್ಲ. ಬೂಟು ಕಾರ್ಖಾನೇಲೇ ಇರುತ್ತೆ. ಆದ್ರೆ ಆಸ್ಪತ್ರೆಯವರು ಅವರ ಬಟ್ಟೆ ಜೊತೆ ಇದನ್ನ ಕೊಟ್ರು. ಚಪ್ಪಲಿ ಹಾಕಿದ್ರೆ ಬೂಟು ಅಲ್ಲಿಗೆ ಎಲ್ಲಿಂದ ಬಂತು, ಮೇಡಂ?"

"ಎಡಗಾಲಿನದು?"

"ಕಂಪನಿಯವರು ತಗೊಂಡು ಹೋದ್ರಂತೆ."

ಕಳವು ಮತ್ತು ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಯಿತು. ಹಳೆಯ ಬೂಟಿಗೆ ಎಫ್‌ಐಆರೇ ಎಂದು ಯಾರೂ ನಗಲಿಲ್ಲ.

ಮಧ್ಯಾಹ್ನ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಇಬ್ಬರು ಪಂಚರು ಕಾರ್ಖಾನೆಗೆ ಹೋದರು. ಸುರಕ್ಷತಾ ಅಧಿಕಾರಿ ಬಾಗಿಲಲ್ಲೇ ಕಾದಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು.

"ಆ ಒಂಟಿ ಬೂಟನ್ನ ಗಾಬರೀಲಿ ಯಾರೋ ಆಂಬುಲೆನ್ಸಿಗೆ ಎಸೆದಿರಬೇಕು ಮೇಡಂ. ಅವನ ಜೋಡಿ ಲಾಕರ್‌ನಲ್ಲೇ ಇದೆ. ಬನ್ನಿ, ತೋರಿಸ್ತೀನಿ."

ಪಂಚರೆದುರು ಲಾಕರ್ ತೆರೆಸಿ ಪಂಚನಾಮೆ ಶುರುಮಾಡಿದರು. ಹೆಡ್ ಕಾನ್‌ಸ್ಟೆಬಲ್ ವಿಡಿಯೊ ಹಿಡಿದ. ಮರಳಿನ ಪುಡಿ ಮೆತ್ತಿದ ಒಂದು ಜೋಡಿ ಬೂಟು ನಿಜವಾಗಿಯೂ ಅಲ್ಲಿತ್ತು. ಹೊಸ ದಾರ ಪೋಣಿಸಿ ಅಂದವಾಗಿ ಗಂಟು ಹಾಕಿತ್ತು.

ಇನ್‌ಸ್ಪೆಕ್ಟರ್ ಅದನ್ನು ಬಿಟ್ಟು ಸುತ್ತ ನಿಂತ ಕೆಲಸಗಾರರ ಕಾಲುಗಳನ್ನು ನೋಡುತ್ತಾ ಹೋದರು. ಆಮೇಲೆ ಹಿರಿಯ ಕುಲುಮೆಗಾರನೊಬ್ಬನನ್ನು ಕೇಳಿದರು.

"ನಿಮ್ಮ ಯಾರ ಬೂಟಿಗೂ ದಾರ ಇಲ್ವಲ್ಲ, ಯಾಕೆ?"

"ಕಾದ ಕಬ್ಬಿಣದ ಹನಿ ಒಳಗೆ ಬಿದ್ರೆ ಗಂಟು ಬಿಚ್ಚುತ್ತಾ ಕೂರೋಕಾಗುತ್ತಾ? ಒಂದು ಸಲ ಒದರಿದ್ರೆ ಬೂಟು ಹಾರಿಹೋಗ್ಬೇಕು. ಕೈಗೆ ಬಂದ ದಿನಾನೇ ದಾರ ಕಿತ್ತು ಸೈಕಲ್ ಟ್ಯೂಬಿನ ಪಟ್ಟಿ ಹಾಕ್ತೀವಿ. ಇಲ್ಲಿ ಎಲ್ಲರೂ ಹಂಗೇ."

ಹೆಂಗಸು ತಂದ ಬೂಟಿಗೂ ಟ್ಯೂಬಿನ ಪಟ್ಟಿಯೇ ಇತ್ತು. ಕುಲುಮೆಯ ಬಿಸಿಗೆ ಒಂದು ದಿನವೂ ಹತ್ತಿರ ಹೋಗದ ಮನುಷ್ಯ ಮಾತ್ರ ಲಾಕರಿನ ಬೂಟಿಗೆ ದಾರ ಪೋಣಿಸುವ ತಪ್ಪು ಮಾಡಬಲ್ಲ.

"ನಾನಂತೂ ಆ ಲಾಕರ್ ಮುಟ್ಟಿಲ್ಲ ಮೇಡಂ," ಎಂದ ಸುರಕ್ಷತಾ ಅಧಿಕಾರಿ.

"ಮುಟ್ಟಿದಿರಿ ಅಂತ ಯಾರೂ ಹೇಳಲಿಲ್ಲವಲ್ಲ," ಎಂದರು ಇನ್‌ಸ್ಪೆಕ್ಟರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬೂಟನ್ನೇ ಬಚ್ಚಿಟ್ಟಿದ್ದಾರೆಂದರೆ ದೋಷ ಬೂಟಿನಲ್ಲೇ ಇರಬೇಕೆಂದು, ಪರೀಕ್ಷೆಗಾಗಿ ಲಾಕರಿನ ಜೋಡಿಯನ್ನೂ ಕುಲುಮೆಯವರ ಆರು ಜೋಡಿಗಳನ್ನೂ ವಶಪಡಿಸಿಕೊಂಡು ಮೊಹರು ಹಾಕಿದರು.

ಸಂಜೆ ಆಸ್ಪತ್ರೆಯ ತುರ್ತು ವಿಭಾಗದ ಆಯಾ ವಿಡಿಯೊ ನೋಡಿ ಇಸ್ತ್ರಿ ಅಂಗಿಯ ಮೇಲೆ ಬೆರಳಿಟ್ಟಳು. "ಇವರೇ. ಎಡಗಾಲಿನ ಬೂಟು ಕತ್ತರೀಲಿ ಕೊಯ್ದು ತೆಗೆದವಳು ನಾನು. ಮುಂಭಾಗ ಅಪ್ಪಚ್ಚಿಯಾಗಿತ್ತು. 'ಕಂಪನಿ ಸ್ವತ್ತು' ಅಂತ ಕವರಿಗೆ ಹಾಕ್ಕೊಂಡ್ರು."

"ರೋಗಿ ಬಗ್ಗೆ ಏನಾದ್ರೂ ವಿಚಾರಿಸಿದ್ರಾ?"

"ಇಲ್ಲಮ್ಮ. ಬೂಟು ಮಾತ್ರ ಕೇಳಿದ್ರು."

ಬುಧವಾರ ಪ್ರಯೋಗಾಲಯದಲ್ಲಿ ಪರೀಕ್ಷೆ. ಇಪ್ಪತ್ತು ಕೆಜಿ ತೂಕವನ್ನು ಒಂದು ಮೀಟರ್ ಮೇಲಿನಿಂದ ಬೂಟಿನ ಮೂತಿಯ ಮೇಲೆ ಬಿಡುತ್ತಾರೆ. ಬೆರಳಿಗೆ ಜಾಗ ಉಳಿದರೆ ಬೂಟು ಪಾಸು. ಲಾಕರಿನ ಬೂಟು ಚೂರು ತಗ್ಗಿತು, ಅಷ್ಟೆ; ಒಳಗೆ ಉಕ್ಕಿನ ಕವಚವಿತ್ತು. ಕುಲುಮೆಯವರ ಬೂಟು ಮೊಟ್ಟೆಯ ಚಿಪ್ಪಿನಂತೆ ಒಡೆಯಿತು. ಕೊಯ್ದು ನೋಡಿದರೆ ಉಕ್ಕಿನ ಜಾಗದಲ್ಲಿ ಡಬ್ಬಿಯ ಮುಚ್ಚಳದಷ್ಟು ತೆಳು ಪ್ಲಾಸ್ಟಿಕ್. ಎರಡರ ಮೇಲೂ ಒಂದೇ ಸುರಕ್ಷತಾ ಗುರುತು ಒತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು. ಇದನ್ನು ನಂಬಿ ಒಂದು ಪಾಳಿಯಷ್ಟು ಜನ ದಿನವೂ ಕುದಿಯುವ ಕಬ್ಬಿಣದ ಪಕ್ಕ ನಿಂತಿದ್ದರು. ಹೆಡ್ ಕಾನ್‌ಸ್ಟೆಬಲ್ ಬೈದ ಬೈಗುಳ ಪಂಚನಾಮೆಯಲ್ಲಿ ಬರೆಯುವಂಥದ್ದಲ್ಲ.

ವರದಿ ಕೈಸೇರಿದ ದಿನವೇ ಕಾರ್ಖಾನೆ ಇಲಾಖೆಯವರು ಕುಲುಮೆ ನಿಲ್ಲಿಸಿದರು. ಬೂಟು ಸರಬರಾಜು ಮಾಡಿದವನನ್ನು ಅವನ ಗೋದಾಮಿನಲ್ಲೇ ಹಿಡಿದರು. ಸಂಜೆ ಐದಕ್ಕೆ ಸುರಕ್ಷತಾ ಅಧಿಕಾರಿಯ ಬಂಧನವಾಯಿತು. ಅವನೇ ತೋರಿಸಿದಂತೆ, ಅವನ ಕಚೇರಿಯ ಬೀರುವಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಹಿಂದೆ ರಕ್ತ ಒಣಗಿದ ಎಡಗಾಲಿನ ಬೂಟು ಸಿಕ್ಕಿತು. ಸುಡೋಣವೆಂದರೆ ಕುಲುಮೆಯ ಸುತ್ತ ಅಷ್ಟು ಕಣ್ಣುಗಳಿದ್ದವು.

ಠಾಣೆಯಲ್ಲಿ ಅವನನ್ನು ಕೂರಿಸಿ ಹೇಳಿಕೆ ಬರೆದುಕೊಂಡರು. ಪ್ರಯೋಗಾಲಯದ ವರದಿಯ ಪ್ರತಿ ಕೊಡಲು ಕರೆಸಿದ್ದ ಹೆಂಗಸು ಗೋಡೆಯ ಬೆಂಚಿನ ಮೇಲಿದ್ದಳು. ಅದನ್ನು ತೋರಿಸಿದರೆ ಪರಿಹಾರ ತಪ್ಪಿಸಲು ಇನ್ನು ಯಾರಿಂದಲೂ ಆಗದು.

"ಸರಬರಾಜುದಾರನ ಹತ್ತಿರ ಎಷ್ಟು ತಿಂದಿರಿ?"

"ಒಂದು ಪೈಸೆ ಇಲ್ಲ ಮೇಡಂ. ಬೇಕಾದ್ರೆ ವಿಚಾರಿಸಿ."

ವಿಚಾರಿಸಿಯಾಗಿತ್ತು. ಅದು ನಿಜವೇ.

"ಹಾಗಾದ್ರೆ ಯಾಕೆ?"

"ಮಾದರಿಗೆ ಕಳಿಸಿದ ಜೋಡಿ ಚೆನ್ನಾಗಿತ್ತು. ಅದನ್ನೇ ಆಮೇಲೆ ಲಾಕರಿಗೆ ಇಟ್ಟೆ. ಲೋಡ್ ಬಂದಾಗ ಕೈಗೆ ಹಗುರ ಅನ್ನಿಸ್ತು. ವಾಪಸ್ ಕಳಿಸಿದ್ರೆ ಬೇರೆ ಬೂಟು ಬರೋವರೆಗೂ ಕುಲುಮೆ ನಿಲ್ಲಿಸ್ಬೇಕಿತ್ತು. ಮಾಲೀಕರು ಎಲ್ಲರೆದುರು ಬೈತಾರೆ. ಹಿಂದೆ ಒಂದ್ಸಲ ಬೈಸ್ಕೊಂಡಿದ್ದೆ, ಮತ್ತೆ ಅದು ಬೇಡ ಅನ್ನಿಸ್ತು. ಪರೀಕ್ಷೆ ಆಗಿದೆ ಅಂತ ಸಹಿ ಹಾಕ್ಬಿಟ್ಟೆ."

ಇಷ್ಟೇ. ದುರಾಸೆಯೂ ಅಲ್ಲ, ಹಗೆಯೂ ಅಲ್ಲ. ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯಿತು. ಲಂಚ ತಿಂದಿದ್ದೆ ಎಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಬೆಂಚಿನಿಂದ ಹೆಂಗಸು ಎದ್ದು ಬಂದು ಅವನೆದುರು ನಿಂತಳು. ಧ್ವನಿ ಏರಿಸಲಿಲ್ಲ.

"ಬೈದ್ರೆ ಕಾಲು ಹೋಗ್ತಿತ್ತಾ, ಸಾರ್?"

ಹೇಳಿಕೆಯಲ್ಲಿ ಆ ಪ್ರಶ್ನೆಯನ್ನೂ ಸೇರಿಸುವಂತೆ ಇನ್‌ಸ್ಪೆಕ್ಟರ್ ಹೇಳಿದರು. ರೈಟರ್ ಅದನ್ನು ಬರೆದು, ಉತ್ತರಕ್ಕಾಗಿ ಪೆನ್ನು ಹಿಡಿದು ಕಾದ.