ಮಾತ್ರೆಗೆ ಮೊದಲಿನ ರಕ್ತ

"ಮಾತ್ರೆ ಕೊಟ್ಟುಬಿಟ್ರಾ?!"

ಆದಿಲಕ್ಷ್ಮಿ ಕೂಗಿದ ರಭಸಕ್ಕೆ ಕಂಬಳಿಯೊಳಗೆ ನಡುಗುತ್ತಿದ್ದ ಮುನಿಗಂಗಮ್ಮನೂ ಕಣ್ಣುಬಿಟ್ಟಳು. ನಂಗಲಿಯ ಹೆದ್ದಾರಿಯಲ್ಲಿ ಲಾರಿಗಳ ಸದ್ದು. ಕೋಲಾರದಿಂದ ಬಸ್ಸಿನಲ್ಲಿ ನಿಂತೇ ಬಂದ ಆದಿಲಕ್ಷ್ಮಿಗೆ ಸೊಂಟ ಬಿದ್ದುಹೋಗಿತ್ತು.

ಮಲೇರಿಯಾ ಕಾರ್ಯಕರ್ತ ಕೋದಂಡರಾಮಪ್ಪ ತಲೆಯೆತ್ತಿದ. ಮನೆಮನೆ ಅಲೆದು ಸೋತ ಮುಖ.

"ಬೆಳಿಗ್ಗೇನೇ ಕೊಟ್ಟೆ ಮೇಡಂ. ಗಾಜಿನ ಮೇಲೆ ಒಂದು ಹನಿ ರಕ್ತ ತಗೊಂಡ ಕೂಡ್ಲೇ ಮಾತ್ರೆ ನುಂಗಿಸೋದು ನಮ್ಮ ಪದ್ಧತಿ."

"ನಾನು ಬರೋವರೆಗೂ ಕಾಯಿರಿ ಅಂತ ಹೇಳಿ ಕಳಿಸಿರ್ಲಿಲ್ವಾ?"

"ಕಳಿಸಿದ್ರಿ."

ಅಷ್ಟೇ! ಒಂದು ಕಾರಣವಿಲ್ಲ, ಒಂದು ಕ್ಷಮೆಯಿಲ್ಲ. ಎಂಥ ಕೊಬ್ಬು ಇವನಿಗೆ!

ಗಾಜಿನ ಮೇಲೆ ಒಣಗಿದ ಹನಿಯಾಗಲಿ ಮಾತ್ರೆ ಬೆರೆತ ರಕ್ತವಾಗಲಿ ಅವಳ ಸಂಶೋಧನೆಗೆ ಕೆಲಸಕ್ಕೆ ಬಾರದು. ಈ ಮಳೆಗಾಲದೊಳಗೆ ಮಲೇರಿಯಾದ ಜೀವಂತ ಪರಾವಲಂಬಿ ಸಿಗದಿದ್ದರೆ ಕೋಲಾರದ ಅವಳ ಪ್ರಯೋಗಾಲಯಕ್ಕೆ ಬೀಗ. ಆಮೇಲೆ ಮಾಲೂರಿಗೆ ವಾಪಸ್, ಅಪ್ಪ ನೋಡಿದ ಗಂಡಿಗೆ ಕೊರಳೊಡ್ಡುವುದು.

ಸಿಟ್ಟಿನಲ್ಲಿ ದೂರು ಕೊಟ್ಟಳು. ಅವನನ್ನು ಶ್ರೀನಿವಾಸಪುರದ ಕಡೆಯ ಯಲ್ದೂರಿಗೆ ಎತ್ತಂಗಡಿ ಮಾಡಿದರು.

ಮತ್ತೆ ನಂಗಲಿಗೆ ಹೋದಾಗ ಮುನಿಗಂಗಮ್ಮ ಅವಳ ಕೈ ಹಿಡಿದುಕೊಂಡಳು.

"ಆಯಪ್ಪನ್ಮೇಲೆ ಯಾಕಮ್ಮಾ ದೂರು ಕೊಟ್ಟೆ? ನಾನಾಗ್ಲೇ ಬಸುರಿ. ಮುಂಚೆ ಒಂದು ಬಸುರು ಇದೇ ಜ್ವರದಾಗೆ ಹೋಗಿತ್ತು. ದೃಷ್ಟಿ ಆಗ್ತದೆ, ಮೂರು ತಿಂಗ್ಳು ತುಂಬೋವರ್ಗೂ ಯಾರ್ಗೂ ಹೇಳ್ಬೇಡಪ್ಪಾ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ..."

ಆದಿಲಕ್ಷ್ಮಿ ಹಣೆ ಚಚ್ಚಿಕೊಂಡಳು. ತನ್ನ ಹೊಟ್ಟೆಪಾಡಿಗೆ ಕುತ್ತು ಬಂದರೂ ಬಾಯಿಬಿಡಲಿಲ್ಲವಲ್ಲ ಆ ಮನುಷ್ಯ!

ಮರುದಿನವೇ ಯಲ್ದೂರಿಗೆ ಹೋದಳು. ಮಾವಿನ ತೋಪಿನ ನೆರಳಲ್ಲಿ ಅವನು ಕಾಲು ಚಾಚಿ ಕೂತಿದ್ದ.

"ತಪ್ಪಾಯ್ತು," ಎಂದಳು.

"ಕೂತ್ಕೊಳ್ಳಿ. ನೀವೂ ಸುಸ್ತಾಗಿದ್ದೀರ." ಅವನು ಪಕ್ಕಕ್ಕೆ ಸರಿದ. "ಆ ರಕ್ತದಾಗೆ ಅಂಥದ್ದೇನು ನೋಡ್ತೀರಿ ಮೇಡಂ?"

ಯಾರೂ ಹಾಗೆ ಕೇಳಿರಲಿಲ್ಲ. ಅಪ್ಪ ಕೂಡ!

"ಪರಾವಲಂಬಿ ಕೆಂಪು ರಕ್ತಕಣದ ಒಳಗೆ ಕೂತ್ಕೊಳ್ಳುತ್ತೆ. ಅಲ್ಲೇ ಪ್ರೋಟೀನ್ ಮಾಡಿ ಕಣದ ಹೊರಪದರದವರೆಗೂ ಕಳಿಸುತ್ತೆ. ಆ ಕಣಕ್ಕೆ ಸಾಮಾನು ಸಾಗಿಸೋ ಏರ್ಪಾಡೇ ಇಲ್ಲ. ದಾರೀನೂ ಪರಾವಲಂಬೀನೇ ಮಾಡ್ಕೊಬೇಕು. ಹೆಂಗೆ ಮಾಡ್ಕೊಳ್ಳುತ್ತೆ? ಅದೇ ನನ್ನ ಪ್ರಶ್ನೆ."

"ಅದು ಗೊತ್ತಾದ್ರೆ?"

"ದಾರಿ ಕಟ್ಟಿಹಾಕೋ ಔಷಧಿ ಯಾರಾದ್ರೂ ಮಾಡಬಹುದು... ಮುಂದೆ ಯಾವತ್ತೋ."

ಅವನು ನಗಲಿಲ್ಲ. ಕೇಳುತ್ತಲೇ ಇದ್ದ. ಆಮೇಲೆ ಅವಳು ನೆಪ ಮಾಡಿಕೊಂಡು ಯಲ್ದೂರಿಗೆ ಹೋಗುತ್ತಲೇ ಇದ್ದಳು. ಬೇಕಾದ ರಕ್ತ ಮಾತ್ರ ಸಿಗಲಿಲ್ಲ. ಮನಸ್ಸಿನ ಮಾತನ್ನು ಇಬ್ಬರೂ ಆಡಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲಿ ಕೋದಂಡರಾಮಪ್ಪ ನಿಂತಿದ್ದ. ಕಣ್ಣು ಕೆಂಪು, ಹಲ್ಲು ಕಟಕಟ.

"ಮಲೇರಿಯಾನೇ. ಮಾತ್ರೆ ನುಂಗಿಲ್ಲ... ಬೇಗ ತಗೊಳ್ಳಿ."

"ಅಯ್ಯೋ! ಈ ಜ್ವರದಲ್ಲಿ ಬಸ್ಸು ಹತ್ತಿ ಬಂದ್ರಾ? ಹುಚ್ಚಾ ನಿಮಗೆ?"

ಬೈಯುತ್ತಲೇ ರಕ್ತ ತೆಗೆದಳು. ಸೂಜಿ ಕೆಳಗಿಡುವ ಮೊದಲೇ ಮಾತ್ರೆಗಳನ್ನು ಅವನ ಬಾಯಿಗಿಟ್ಟು ನೀರು ಕುಡಿಸಿದಳು. ಬೆಂಚಿನ ಮೇಲೆ ಮಲಗಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಸಿಕ್ತಾ?"

"ಸಿಕ್ತು... ಜೀವ ಇದೆ." ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಇದಕ್ಕೋಸ್ಕರ ಬಂದ್ರಾ?"

"ಅಷ್ಟಕ್ಕೇ ಆಗಿದ್ರೆ ಯಾರ ಕೈಲಾದ್ರೂ ಹೇಳಿ ಕಳಿಸ್ತಿದ್ದೆ. ನಿಮ್ಮನ್ನ ನೋಡ್ಬೇಕು ಅನ್ನಿಸ್ತು."

ಎಷ್ಟೋ ದಿನಗಳ ಆಯಾಸವೆಲ್ಲ ಅವಳ ಹೆಗಲಿಂದ ಜಾರಿತು.

"ಅಪ್ಪ ಮಾಲೂರಲ್ಲಿ ಗಂಡು ನೋಡಿದ್ದಾರೆ."

ಅವನು ಕಣ್ಣು ಮುಚ್ಚಿದ. "ಒಪ್ಕೊಂಡ್ರಾ?"

"ಬೇಡ ಅಂತೀನಿ. ಯಾಕೆ ಅಂತ ಕೇಳ್ತಾರೆ... ಏನು ಹೇಳ್ಲಿ?"

"ನಾನೇ ಬಂದು ಹೇಳ್ತೀನಿ. ಈಗ್ಲೇ ಹೊರಡೋಣ."

"ಎದ್ದು ನಿಲ್ಲೋಕೆ ಆಗಲ್ಲ, ಹೆಣ್ಣು ಕೇಳೋಕೆ ಹೊರಟ್ರು! ಮಲಗ್ರೀ ಸುಮ್ನೆ," ಎಂದು ಅವಳು ಅವನ ಸುಡುವ ಹಣೆಯ ಮೇಲೆ ಕೈಯಿಟ್ಟಳು.