ವೆಸ್ಟ್ರಿ ಬಾಗಿಲಿನ ಪರದೆ

ಚರ್ಚಿನಲ್ಲಿ ಪಾದ್ರಿಗಳು ಉಡುಪು ತೊಡುವ ಕೋಣೆಯಾದ ವೆಸ್ಟ್ರಿಯ ಬಾಗಿಲು ಥಟ್ಟನೆ ಪಾರದರ್ಶಕವಾದಾಗ ಸುಗ್ಗಿ ಹಬ್ಬದ ಆರಾಧನೆಗೆ ಕೂತಿದ್ದ ಇಡೀ ಸಭೆಗೆ ಸಭಾಪಾಲಕ ಸತ್ಯವಾನ ಅಯ್ಯನವರು ಕಂಡರು. ಒಂದೇ ಕಾಲಿಗೆ ಸಾಕ್ಸು ಹಾಕಿಕೊಂಡು, ಕಾಣಿಕೆಗೆ ಬಂದ ಗೊನೆಯಿಂದ ಬಾಳೆಹಣ್ಣು ಕಿತ್ತು ತಿನ್ನುತ್ತಿದ್ದರು. ಕಾಣಿಕೆ ತಟ್ಟೆ ಒಯ್ಯಲು ಒಳಗೆ ಹೋಗಿದ್ದ ಶಾಲೋಮಿ ಎಂಬ ಹುಡುಗಿ ಬಾಯಿ ಬಿಟ್ಟು ನೋಡುತ್ತಿದ್ದಳು.

ಬಾಗಿಲು ತನ್ನ ಕೆಲಸ ಮಾಡಿತ್ತು, ಅಷ್ಟೆ. ಡಾ. ಮಂದಾಕಿನಿ ಪಡಸಲಗಿ ಕಂಡುಹಿಡಿದ ಈ ಗಾಜು ಸದಾ ಮಬ್ಬಾಗಿರುತ್ತದೆ. ಅದು ಒಳಗಿನವರ ಉಸಿರು ಎಣಿಸುತ್ತದೆ. ಮಕ್ಕಳ ಉಸಿರು ದೊಡ್ಡವರದಕ್ಕಿಂತ ಚುರುಕು. ಒಬ್ಬ ದೊಡ್ಡವರು, ಒಂದು ಮಗು ಇಷ್ಟೇ ಉಳಿದರೆ ಗಾಜಿನೊಳಗಿನ ಸೂಕ್ಷ್ಮ ಹರಳುಗಳು ಸಾಲಾಗಿ ನಿಂತು ಬೆಳಕನ್ನು ಹಾಯಲು ಬಿಡುತ್ತವೆ. 2072ರಿಂದ ಚರ್ಚುಗಳಿಗೆಲ್ಲ ಇದು ಕಡ್ಡಾಯ.

ಸಭಾಹಿರಿಯ ಕರುಣಾಕರಪ್ಪ ಕಾನೂನನ್ನು ಮೂರು ಸಲ ಓದಿದರು. ಅದರಲ್ಲಿ ಬಾಗಿಲಿನ ಮಾತಿತ್ತು, ಪರದೆಯ ಮಾತಿರಲಿಲ್ಲ. ಎಂಟೇ ದಿನದಲ್ಲಿ ಮಹಿಳಾ ಸಂಘದವರು ಕಸೂತಿಯ ದ್ರಾಕ್ಷಿಗೊಂಚಲು ಹಾಕಿ ಚೆಂದದ ಪರದೆ ಹೊಲಿದು ತೂಗುಬಿಟ್ಟರು.

ತಿಂಗಳಾದ ಮೇಲೆ ತಪಾಸಣೆಗೆ ಬಂದ ಮಂದಾಕಿನಿ ದಂಗಾದರು. ಹದಿನಾಲ್ಕು ವರ್ಷದ ಸಂಶೋಧನೆ ಒಂದೂವರೆ ಗಜ ಬಟ್ಟೆಯ ಹಿಂದೆ ಕೂತಿತ್ತು.

"ಇದೇನ್ರಿ ಇದು?"

"ಅಯ್ಯನವರ ಮರ್ಯಾದಿರಿ, ಮೇಡಂ" ಎಂದರು ಸಂಘದ ಅಧ್ಯಕ್ಷೆ ದೀನಮ್ಮ. "ಭಾಳ ಒಳ್ಳೇರದಾರ ಅವರು."

"ಒಳ್ಳೇರು ಬಾಳೆಹಣ್ಣು ತಿಂದ್ರ ಮಂದಿ ನೋಡಬಾರದೇನ್ರಿ?"

"ನಾ ಪರದಿ ಬ್ಯಾಡಂತ ಹೇಳಿದ್ದೆ" ಎಂದರು ಅಯ್ಯನವರು ಸಣ್ಣ ದನಿಯಲ್ಲಿ. "ಹಣ್ಣು ತಿಂದದ್ದು ಖರೇನ. ಮೂರು."

ಎಲ್ಲರೂ ನಕ್ಕರು. ದೀನಮ್ಮನ ಸೆರಗು ಹಿಡಿದು ನಿಂತಿದ್ದ ಮೊಮ್ಮಗಳು ಶಾಲೋಮಿ ಮಾತ್ರ ನಗಲಿಲ್ಲ.

"ಅಜ್ಜೀ, ಪರದಿ ಹಾಕಿದಾಗಿಂದ ಹಾಡಿನ ಮಾಸ್ತರು ಒಬ್ಬೊಬ್ಬರನ್ನ ಒಳಗ ಕರೀತಾರ. ಮನ್ಯಾಗ ಹೇಳಬ್ಯಾಡ ಅಂತಾರ. ನಾ ಇನ್ನ ಹೋಗಂಗಿಲ್ಲ."

"ಮಾಸ್ತರು ಇಪ್ಪತ್ತು ವರ್ಷದಿಂದ ನಮ್ಮ ಸಭೆಯೊಳಗ..." ಎಂದು ಕರುಣಾಕರಪ್ಪ ಶುರುಮಾಡಿದರು.

"ಸುಮ್ಮನಿರ್ರಿ" ಎಂದ ದೀನಮ್ಮ ಚೀಲದಿಂದ ಕತ್ತರಿ ತೆಗೆದು, ಕುರ್ಚಿ ಹತ್ತಿ ಪರದೆಯನ್ನು ಮೇಲಿನಿಂದ ಕತ್ತರಿಸಿದರು. ದ್ರಾಕ್ಷಿಗೊಂಚಲೆಲ್ಲ ಕರುಣಾಕರಪ್ಪನ ತಲೆಯ ಮೇಲೆ ಬಿತ್ತು. ಅವರು ಅದರೊಳಗಿಂದ ಹೊರಬರುವಷ್ಟರಲ್ಲಿ ಅಯ್ಯನವರು ತಾವೇ ಪೊಲೀಸರಿಗೆ ಫೋನು ಮಾಡಿದ್ದರು.

ಮಂದಾಕಿನಿ ಕೆಳಗೆ ಬಿದ್ದ ಪರದೆಯನ್ನು ಎತ್ತಿಕೊಂಡರು. "ನಿಮ್ಮ ಕಸೂತಿ ಹಾಳಾತಲ್ರಿ" ಎಂದರು.

"ಹೋಗ್ಲಿ ಬಿಡ್ರಿ." ದೀನಮ್ಮ ಮೊಮ್ಮಗಳನ್ನು ತಬ್ಬಿಕೊಂಡರು. "ಎರಡು ಸಾವಿರದ ಇಪ್ಪತ್ತಾರನೇ ಇಸ್ವಿಯಾಗ ನನಗೂ ಇಕಿಯಷ್ಟ ವಯಸ್ಸು. ನಾನೂ ಹಿಂಗ ಹೇಳಿದ್ದೆ. ಆಗ ನಿಮ್ಮ ಬಾಗಿಲಾ ಇರಲಿಲ್ಲರಿ. ಆದ್ರ ನಮ್ಮ ಮನೀ ಮಂದಿಗೆ ಕಿವಿ ಇದ್ದವು, ಕೇಳಿ ನಂಬಿದ್ರು."