ಬಾಲ್ಕನಿಯಿಂದ ಇಳಿದ ಬೀರು

ಹಮ್ದಿ ಮತ್ತೆ ಟೇಪು ಬಿಚ್ಚಿದ.

“ನಿನ್ನೆ ತಾನೇ ಅಳೆದ್ಯಲ್ಲ? ರಾತ್ರಿ ಕಳೆಯೋದ್ರಲ್ಲಿ ಬೆಳೆದುಬಿಡ್ತಾ?” ಎಂದಳು ರಬಾಬ್.

“ಬೀರು ಬೆಳೆದಿಲ್ಲ,” ಎಂದು ಅವನು ಕಣ್ಣೆತ್ತಿದ. ಆ ನೋಟದಲ್ಲಿ ನಗು ಇತ್ತು. ರಬಾಬ್ ಬೇಗನೆ ಕಿಟಕಿಯತ್ತ ತಿರುಗಿದಳು.

ಅವಳ ಮದುವೆಯ ಬೀರು ಅದು. ಗಾಜಿನ ಬಾಗಿಲು, ಒಳಗೆ ಯಾರೂ ತುಟಿಗಿಡದ ಚಹಾ ಕಪ್ಪುಗಳು. ಈ ಮನ್ಸೂರಾ ಊರಿನಲ್ಲಿ ಇಂಥದೊಂದಿಲ್ಲದೆ ಹೆಣ್ಣು ಗಂಡನ ಮನೆ ಸೇರುವುದು ಕಷ್ಟ. ಒಮ್ಮೆ ಆ ಕಪ್ಪಿನಲ್ಲಿ ಚಹಾ ಕುಡಿಯಹೋಗಿದ್ದಕ್ಕೆ ಗಂಡ ಮಾತು ಬಿಟ್ಟಿದ್ದ. ತಲಾಖ್ ಆದಾಗ ಅವನು ಅಲ್ಲೇ ಉಳಿದ, ಬೀರು ಅವಳ ಜೊತೆ ತವರಿಗೆ ಬಂದು ಅರ್ಧ ಹಾಲ್ ನುಂಗಿ ಕೂತಿತು. ಇನ್ನು ಇದೂ ಬೇಡ, ಮದುವೆಯೂ ಬೇಡ ಎಂದುಕೊಂಡು, ಬೀರು ಕೊಂಡುಹೋಗಲು ಬೀದಿ ಕೊನೆಯ ಹಳೇ ಸಾಮಾನಿನ ಅಂಗಡಿಯ ಹಮ್ದಿಗೆ ಹೇಳಿಕಳಿಸಿದ್ದಳು.

ಮೆಟ್ಟಿಲು ಕಿರಿದಾದ್ದರಿಂದ ಬಾಲ್ಕನಿಯಿಂದಲೇ ಹಗ್ಗ ಕಟ್ಟಿ ಇಳಿಸಿದರು. ಬೀರು ಗಾಳಿಯಲ್ಲಿ ತೂಗಾಡಿ ಲಾರಿ ಸೇರಿತು. ರಬಾಬ್ ಕಪ್ಪುಗಳ ಡಬ್ಬ ಹಿಡಿದು ಕೆಳಗೆ ಬಂದಳು.

ಆಗಲೇ ಎದುರು ಮನೆಯ ಉಮ್ಮ್ ವಾಇಲ್ ನಾಲಗೆ ಆಡಿಸಿ ಮದುವೆ ಸಂಭ್ರಮದ ಉಲುಲು ಕೂಗು ಹಾಕಿದಳು. ಬಾಲ್ಕನಿಯಿಂದ ಬಾಲ್ಕನಿಗೆ ದನಿ ಹಬ್ಬಿತು. ಲಾರಿಯ ಮೇಲೆ ಇಂಥ ಬೀರು ಹೊರಟರೆ ಈ ಬೀದಿಗೆ ಒಂದೇ ಅರ್ಥ, ಹುಡುಗಿಯ ಸಾಮಾನು ಗಂಡಿನ ಮನೆಗೆ ಹೊರಟಿದೆ.

“ನಮ್ಮಿಂದಲೂ ಮುಚ್ಚಿಟ್ಯಲ್ಲೇ ಕಳ್ಳಿ. ದಿನಾ ಬರ್ತಿದ್ದ ಹಮ್ದಿನಾ ಗಂಡು? ಒಳ್ಳೇ ಹುಡುಗ. ಮಬ್ರೂಕ್, ಮಬ್ರೂಕ್, ಒಳ್ಳೇದಾಗ್ಲಿ,” ಎಂದು ಕೂಗಿದಳು.

ರಬಾಬ್ ಡಬ್ಬವನ್ನು ಎದೆಗೊತ್ತಿಕೊಂಡಳು. ಇನ್ನೊಮ್ಮೆ ಬೀದಿಯವರ ಬಾಯಿಗೆ ಬೀಳುವ ಶಕ್ತಿ ಅವಳಲ್ಲಿರಲಿಲ್ಲ.

“ಬೀರು ಮಾರಿದ್ದು ಅಂತ ಹೇಳು ಅವರಿಗೆ,” ಎಂದು ಪಿಸುಗುಟ್ಟಿದಳು.

ಹಮ್ದಿ ಮೇಲಿನ ಬಾಲ್ಕನಿಗಳತ್ತ ನೋಡಿದ. ಕಿವಿ ಕೆಂಪಗಾಗಿತ್ತು.

“ಬಾಯಿಗೆ ಬರ್ತಿಲ್ಲ ರಬಾಬ್. ಅವರು ತಪ್ಪು ತಿಳಿದದ್ದು ನಂಗೆ ಇಷ್ಟ ಆಗಿಬಿಡ್ತು. ದಿನಾ ಟೇಪು ಹಿಡ್ಕೊಂಡು ಬರ್ತಿದ್ದದ್ದು ಬೀರಿಗೋಸ್ಕರ ಅಲ್ಲ. ನೀನು ಬೇಡ ಅನ್ನು, ಈಗಲೇ ಕೂಗಿ ಹೇಳ್ತೀನಿ. ನಗೆಪಾಟಲಾಗೋದು ನಾನೊಬ್ಬನೇ.”

ಇಷ್ಟು ದಿನ ಆ ನೋಟಕ್ಕಾಗಿಯೇ ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ ಎಂದು ಈಗ ತಾನೇ ಹೊಳೆದು, ರಬಾಬ್ ಅವನ ಮಾತಿಗಿಂತ ಅದಕ್ಕೇ ಹೆಚ್ಚು ದಂಗಾದಳು.

“ಬೀರು ನಿನ್ನ ಮನೆಗೆ ಬರುತ್ತಾ?”

“ನನ್ನ ಮನೇಲಿ ಅದಕ್ಕೆ ಜಾಗ ಇಲ್ಲ. ಮಾರಿಬಿಡ್ತೀನಿ.”

“ಕಪ್ಪುಗಳು?”

“ಕಪ್ಪಲ್ಲಿ ಚಹಾ ಕುಡೀಬೇಕು. ಇನ್ನೇನು ಮಾಡ್ತಾರೆ?”

ರಬಾಬ್ ತಲೆಯೆತ್ತಿ ಕೂಗಿದಳು.

“ಉಮ್ಮ್ ವಾಇಲ್, ಬೀರು ಮಾರಾಟಕ್ಕೆ ಹೊರಟಿದೆ.”

ಹಮ್ದಿ ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದ.

“ಉಳಿದದ್ದೆಲ್ಲ ನೀವು ಅಂದ್ಕೊಂಡ ಹಾಗೇ,” ಎಂದಳು ರಬಾಬ್. “ಚಹಾ ಇಡಿ, ಇಬ್ರೂ ಬರ್ತೀವಿ. ಕಪ್ಪು ನಾವೇ ತರ್ತೀವಿ.”

ಹಮ್ದಿಯ ಕೈಯಿಂದ ಹಗ್ಗ ಜಾರಿತು. ದಂಗು ಬಡಿಯುವ ಸರದಿ ಈಗ ಅವನದು. ರಬಾಬ್ ಡಬ್ಬ ತೆರೆದು, ಕಾಗದ ಬಿಚ್ಚಿ, ಒಂದು ಕಪ್ಪನ್ನು ಅವನ ಖಾಲಿ ಕೈಯಲ್ಲಿಟ್ಟಳು.